ಗೇಟಿನ ಮೇಷ್ಟ್ರ ಮೂಗು

ಬೆಳಗಾದರೆ ಹಾಲಿನ ಪಾತ್ರೆಯನ್ನು ಮೂಸಿ ನೋಡುವುದು ಈಗ ಮೇಷ್ಟ್ರ ಹೆಂಡತಿಯ ಪಾಲಿನ ಕೆಲಸ. ಹಾಲಾದ ಮೇಲೆ ಗಂಡನ ಅಂಗಿ, ಅಂಗಿಯಾದ ಮೇಲೆ ಕಾಲುಚೀಲ.

"ಅಂಗಿ ಪರವಾಗಿಲ್ಲ. ಕಾಲುಚೀಲ ಬಿಚ್ಚಿ ಹಾಕಿ, ನಿನ್ನೆಯದನ್ನೇ ಏರಿಸ್ಕೊಂಡಿದ್ದೀರಿ."

ಮೇಷ್ಟ್ರು ಕುರ್ಚಿಯ ಮೇಲೆ ಕೂತು ಕಾಲುಚೀಲ ಬಿಚ್ಚಿದರು. ಊರಿಗೆಲ್ಲ ಮೂಗಾಗಿದ್ದ ಮನುಷ್ಯನಿಗೆ ಈಗ ತನ್ನ ಕಾಲಿನ ವಾಸನೆಯನ್ನು ಇನ್ನೊಬ್ಬರು ಹೇಳಬೇಕಾಗಿತ್ತು.

ಅವರು ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು. ಹೋದ ಚಳಿಗಾಲದಲ್ಲಿ ಒಂದು ಕೆಟ್ಟ ಜ್ವರ ಬಂದು ಮಲಗಿಸಿತ್ತು. ಜ್ವರ ಇಳಿಯಿತು, ಹಸಿವು ಮರಳಿತು, ಮಂಡಿನೋವೂ ತಪ್ಪದೆ ಮರಳಿತು. ಬಾರದೆ ಹೋದದ್ದು ವಾಸನೆಯೊಂದೇ. ಅದು ಗೊತ್ತಾದದ್ದು ಹಾಲು ಸೀದ ದಿನ. ಒಲೆಯ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದರು. ಪಾತ್ರೆಯ ತಳ ಕಪ್ಪಾಗಿ ಹೊಗೆಯೆದ್ದು, ಪಕ್ಕದ ಮನೆಯವರು ಓಡಿ ಬಂದು ಬಾಗಿಲು ಬಡಿಯುವವರೆಗೂ ಇವರು ಆಟದ ಪುಟದಿಂದ ತಲೆ ಎತ್ತಿರಲಿಲ್ಲ. ಹೆಂಡತಿ ಮೊದಲು ನಕ್ಕರು, ಆಮೇಲೆ ಅರ್ಥವಾಗಿ ಅತ್ತರು. ಡಾಕ್ಟರು, ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಎರಡೂ ಕಡೆಗೆ ಹೇಳಿ ಕಳಿಸಿದರು.

ಬೇರೆಯವರಾಗಿದ್ದರೆ ಇಷ್ಟು ಮುಚ್ಚಿಡುತ್ತಿರಲಿಲ್ಲವೇನೋ. ಆದರೆ ಶಾಲೆಯಲ್ಲಿ ಅವರ ಹೆಸರೇ ಮೂಗು ಮೇಷ್ಟ್ರು. ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವುದು ಅವರ ಕೆಲಸ. ದೊಡ್ಡ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಬಾಯಿ ತೆರೆದು "ಹಾ" ಎನ್ನಬೇಕು. ಮೇಷ್ಟ್ರು ಬಗ್ಗಿ ಮೂಸುತ್ತಿದ್ದರು. ಬೀಡಿ, ಸಿಗರೇಟು, ಅದರೊಳಗೆ ತುಂಬಿ ಸೇದುವ ಸೊಪ್ಪು, ಕೊನೆಗೆ ಬಟ್ಟೆಗೆ ಅಂಟುದ್ರವ ಹಾಕಿ ಮೂಸುವ ಚಟ, ಯಾವುದೂ ಆ ಮೂಗನ್ನು ದಾಟಿ ಒಳಗೆ ಹೋಗುವಂತಿರಲಿಲ್ಲ. ಏಲಕ್ಕಿ ಅಗಿದು ಬಂದವನಿಗೆ, "ಏಲಕ್ಕಿ ಯಾಕೆ ಅಗಿದೆ ಅನ್ನೋದನ್ನ ಮೊದಲು ಹೇಳು," ಎನ್ನುತ್ತಿದ್ದರು. ಸಿಕ್ಕಿಬಿದ್ದ ಮಗುವಿಗೆ ಅದೇ ದಿನ ವರ್ಗಾವಣೆ ಪತ್ರ. ಅದು ಶಾಲೆಯ ನಿಯಮ. ಆ ನಿಯಮವನ್ನೂ ಆ ಮೂಗನ್ನೂ ನಂಬಿ ಎಷ್ಟೋ ಜನ ತಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸಿದ್ದರು.

ಮೂಗು ಹೋದ ಮೇಲೂ ಮೇಷ್ಟ್ರು ಗೇಟು ಬಿಡಲಿಲ್ಲ. ಅದೇ ರೀತಿ ಬಗ್ಗುತ್ತಿದ್ದರು, ಅದೇ ರೀತಿ ಮೂಗಿನ ಹೊಳ್ಳೆ ಅರಳಿಸುತ್ತಿದ್ದರು, ಒಂದು ಗಳಿಗೆ ತಡೆದು "ಹೋಗು" ಎನ್ನುತ್ತಿದ್ದರು. ಯಾರೂ ಸಿಕ್ಕಿಬೀಳದಿದ್ದಾಗ ಮಕ್ಕಳೆಲ್ಲ ಸರಿಹೋದರು ಎಂದೇ ಎಲ್ಲರೂ ತಿಳಿದರು. ನಾಯಿ ಸತ್ತರೂ 'ನಾಯಿ ಇದೆ ಎಚ್ಚರಿಕೆ' ಅನ್ನೋ ಹಲಗೆ ಕಳ್ಳನನ್ನು ತಡೆಯುತ್ತದೆ ಎಂದು ಮೇಷ್ಟ್ರು ಹೆಂಡತಿಗೆ ಸಮಜಾಯಿಷಿ ಕೊಟ್ಟರು.

ಆಕೆ ಟೀ ಫ್ಲಾಸ್ಕನ್ನು ಮೂಸಿ ಮುಚ್ಚಳ ತಿರುಗಿಸುತ್ತ ಕೇಳಿದ್ದರು: "ಅದಿರಲಿ. ಇಷ್ಟು ವರ್ಷ ಹಿಡಿದು ಹಿಡಿದು ಕಳಿಸಿದ್ರಲ್ಲ, ಆ ಮಕ್ಕಳು ಆಮೇಲೆ ಎಲ್ಲಿಗೆ ಹೋದ್ವು?"

"ಅದು ನನ್ನ ಕೆಲಸ ಅಲ್ಲ," ಎಂದು ಮೇಷ್ಟ್ರು ಸಿಡುಕಿದರು. ಆಕೆ ಮತ್ತೆ ಕೇಳಲಿಲ್ಲ. ಆದರೆ ಕೇಳಿದ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನಂತೆ ಆಗಾಗ ಒತ್ತುತ್ತಿತ್ತು.

ಮೂಸುವ ಕೆಲಸವಿಲ್ಲದೆ ಬರಿದೆ ಬಗ್ಗಿ ನಿಂತವರಿಗೆ ಏನಾದರೂ ನೋಡುತ್ತಿರಬೇಕಲ್ಲ, ಮೇಷ್ಟ್ರು ಮುಖ ನೋಡತೊಡಗಿದರು. ಇಷ್ಟು ವರ್ಷ ಅವರಿಗೆ ಕಂಡದ್ದು ಬಾಯಿಗಳು ಮಾತ್ರ. ಈಗ ಒಬ್ಬನ ಕೆನ್ನೆಯ ಮೇಲೆ ದಿಂಬಿನ ಗೆರೆ ಕಂಡಿತು, ಇನ್ನೊಬ್ಬಳ ಅಂಗಿಯ ಕಿತ್ತ ಗುಂಡಿ ಕಂಡಿತು, ಮನೆಯಲ್ಲಿ ಪೆಟ್ಟು ತಿಂದು ಬಂದವನ ಬಿಗಿದ ತುಟಿ ಕಂಡಿತು. ಅದನ್ನು ಅವರು ದೊಡ್ಡ ವಿಷಯವೆಂದುಕೊಳ್ಳಲಿಲ್ಲ. ಹೊತ್ತು ಕಳೆಯಲು ನೋಡುತ್ತಿದ್ದರು, ಅಷ್ಟೇ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಹುಡುಗಿ ಎದುರಿಗೆ ನಿಂತಳು.

ವರ್ಷದ ನಡುವೆ ಬೇರೆ ಊರಿನಿಂದ ಬಂದು ಒಂಬತ್ತನೇ ತರಗತಿಗೆ ಸೇರಿದವಳು. ಬಳ್ಳಿಯ ಹಾಗೆ ಎತ್ತರ. ಮಕ್ಕಳು ಸೇರಿದ ದಿನವೇ ಅವಳಿಗೆ 'ಏಣಿ' ಎಂದು ಹೆಸರಿಟ್ಟು, ಹೆಸರಿಟ್ಟ ಮೇಲೆ ಮಾತಾಡಿಸುವುದನ್ನು ಮರೆತಿದ್ದರು. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಕೆಲಸ. ಮಗಳು ಶಾಲೆಗೆ ಹೊರಡುವಾಗ ತಾಯಿ ಮಲಗಿರುತ್ತಿದ್ದಳು, ಮಗಳು ಬರುವಾಗ ಹೊರಟು ನಿಂತಿರುತ್ತಿದ್ದಳು. ಇದೆಲ್ಲ ಮೇಷ್ಟ್ರಿಗೆ ತಿಳಿದದ್ದು ಆಮೇಲೆ. ಅವತ್ತು ಕಂಡದ್ದು ಇಷ್ಟು: ಕೆಂಪಗೆ ಊದಿದ ಕಣ್ಣು, ಒಣಗಿದ ತುಟಿ, ಮೇಲೆ ಕೆಳಗಾಗಿ ಹಾಕಿದ ಗುಂಡಿ, ಬಿಚ್ಚಿ ನೆಲದಲ್ಲಿ ಎಳೆದಾಡುವ ಲೇಸು. ಅತ್ತುಕೊಂಡು ಬಂದಿದೆ ಕೂಸು ಎಂದುಕೊಂಡರು.

ಹೇಳುವ ಮೊದಲೇ ಅವಳು ಬಾಯಿ ತೆರೆದಳು, ಬೇಕಾದರೆ ನೋಡಿಕೋ ಎನ್ನುವಂತೆ ಅಗಲವಾಗಿ. ಮೇಷ್ಟ್ರು ಬಗ್ಗಿ ತಮ್ಮ ಎಂದಿನ ನಾಟಕ ಮುಗಿಸಿ ನೆಟ್ಟಗಾದರು.

"ತಿಂಡಿ ತಿಂದ್ಯಾ?"

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಮೇಷ್ಟ್ರು ಜೇಬಿನಿಂದ ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೈಗಿಟ್ಟರು. ಲೇಸು ಕಟ್ಟಿಕೊ, ಗುಂಡಿ ಸರಿಮಾಡಿಕೊ ಎಂದರು. ಆಮೇಲೆ ಅವಳ ಎತ್ತರವನ್ನೊಮ್ಮೆ ಅಳೆದು, "ಸಂಜೆ ಮೈದಾನಕ್ಕೆ ಬಾ. ನೆಟ್ ಕಟ್ಟೋಕೆ ಸ್ಟೂಲ್ ಹತ್ತಿ ಹತ್ತಿ ನನ್ನ ಮಂಡಿ ಹೋಯ್ತು. ನಿನಗೆ ಸ್ಟೂಲೇ ಬೇಡ," ಎಂದರು.

ಅವಳು ಇನ್ನೇನನ್ನೋ ಕಾಯುವವಳಂತೆ ಅಲ್ಲೇ ನಿಂತಳು.

"ಇನ್ನೇನು? ಹೋಗಮ್ಮ, ಹಿಂದೆ ಜನ ನಿಂತಿದ್ದಾರೆ."

ಸಂಜೆ ಅವಳು ಬರುತ್ತಾಳೆಂದು ಮೇಷ್ಟ್ರು ನಿಜವಾಗಿ ಅಂದುಕೊಂಡಿರಲಿಲ್ಲ. ಬಂದಳು. ತುದಿಗಾಲಲ್ಲಿ ನಿಂತು ವಾಲಿಬಾಲ್ ನೆಟ್ಟಿನ ಎರಡೂ ತುದಿ ಕಟ್ಟಿದಳು. ಕಟ್ಟಿದ ಮೇಲೆ ಹೋಗಲು ಮನಸ್ಸಾಗದೆ ಕಂಬಕ್ಕೆ ಒರಗಿ ಆಟ ನೋಡಿದಳು. ಮರುದಿನವೂ ಬಂದಳು. ಒಂದು ವಾರ ಕಳೆಯುವಷ್ಟರಲ್ಲಿ ಆಟದ ಸಾಮಾನಿನ ಕೋಣೆಯ ಬೀಗದ ಕೈ ಅವಳ ಕುತ್ತಿಗೆಯಲ್ಲಿ ದಾರಕ್ಕೆ ಸಿಕ್ಕಿ ತೂಗುತ್ತಿತ್ತು. ಬೀಗದ ಕೈ ಕೊಟ್ಟದ್ದರಲ್ಲಿ ಮೇಷ್ಟ್ರ ಉದ್ದೇಶ ಮಂಡಿಗೆ ಸಂಬಂಧಿಸಿದ್ದೇ ಹೊರತು ಬೇರೇನಲ್ಲ. ಆದರೆ ಅವಳು ಅದನ್ನು ಅಂಗಿಯ ಒಳಗೆ ಬಚ್ಚಿಡದೆ ಹೊರಗೆ ಕಾಣುವಂತೆ ಹಾಕಿಕೊಳ್ಳುವುದನ್ನು ನೋಡಿ ಅವರಿಗೆ ಒಳಗೊಳಗೇ ನಗು ಬರುತ್ತಿತ್ತು.

ಒಂದು ದಿನ ಆಡುವವರಲ್ಲಿ ಒಬ್ಬಳಿಗೆ ಕಾಲು ಉಳುಕಿ, ತಂಡದ ನಾಯಕಿ ಕಂಬದ ಕಡೆ ನೋಡಿ, "ಏಯ್ ಏಣಿ, ಸುಮ್ನೆ ನಿಂತಿರೋ ಬದಲು ಕೈ ಎತ್ತು ಬಾ," ಎಂದಳು. ಏಣಿ ಕೈ ಎತ್ತಿದಳು. ಮೊದಲ ಚೆಂಡು ಗೋಡೆಯಾಚೆ ಹೋಯಿತು, ಎರಡನೆಯದು ನಾಯಕಿಯ ತಲೆಗೆ ಬಿತ್ತು. ಮೂರನೆಯದು ನೆಟ್ಟಿನ ಆಚೆ ನೆಲ ಗುದ್ದಿದ ಸದ್ದಿಗೆ ಎಲ್ಲರೂ ಬಾಯಿ ಮುಚ್ಚಿದರು. ಅಣಕಿಸುತ್ತಿದ್ದ ಅದೇ 'ಏಣಿ' ಎಂಬ ಹೆಸರನ್ನು ತಿಂಗಳೊಳಗೆ ಅಂಗಳದ ಅಂಚಿನಲ್ಲಿ ನಿಂತ ಮಕ್ಕಳು ತಾಳ ಹಾಕಿ ಕೂಗುತ್ತಿದ್ದರು. ತರಗತಿಯಲ್ಲಿ ನಾಯಕಿ ಏನೂ ಹೇಳದೆ ತನ್ನ ಪಕ್ಕದ ಜಾಗದಿಂದ ಚೀಲವನ್ನು ನೆಲಕ್ಕೆ ಇಳಿಸಿದಳಂತೆ. ಮಧ್ಯಾಹ್ನ ಮೆಟ್ಟಿಲ ಕೆಳಗೆ ಒಬ್ಬಳೇ ಕೂತಿರುತ್ತಿದ್ದ ಹುಡುಗಿ ಈಗ ಮರದ ಕೆಳಗಿನ ಗುಂಪಿನಲ್ಲಿ ಕಾಣುತ್ತಿದ್ದಳು.

ಕಣ್ಣಿನ ಕೆಂಪೂ ಇಳಿದಿತ್ತು. ಶೀತವಿತ್ತೇನೋ, ಬಿಸಿಲಿಗೆ ಹೋಯಿತು ಎಂದುಕೊಂಡರು ಮೇಷ್ಟ್ರು.

ಆಮೇಲೆ ಇಲಿಯ ಪ್ರಸಂಗ ಬಂತು. ಇಲಿ ಸತ್ತಿದೆ ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ ಎನ್ನುವುದೇ ಆ ಪ್ರಸಂಗ. ಬಿಡುವಿನ ಹೊತ್ತಿನಲ್ಲಿ ಆಟದ ಸಾಮಾನಿನ ಕೋಣೆಯಲ್ಲಿ ಕೂತು ಫ್ಲಾಸ್ಕಿನ ಟೀ ಕುಡಿಯುವುದು ಅವರ ಅಭ್ಯಾಸ. ಎರಡು ಮೂರು ದಿನದಿಂದ ಆ ಕಡೆ ಯಾರೂ ಸುಳಿಯುತ್ತಿಲ್ಲ, ಓಣಿಯಲ್ಲಿ ಹೋಗುವವರು ಓಡಿದ ಹಾಗೆ ಹೋಗುತ್ತಾರೆ ಎಂಬುದು ಗಮನಕ್ಕೆ ಬಂದಿತ್ತು. ಪರೀಕ್ಷೆ ಹತ್ತಿರ ಬಂತಲ್ಲ, ಎಲ್ಲರಿಗೂ ಅವಸರ ಎಂದುಕೊಂಡರು. ಏಣಿ ಮಾತ್ರ ಬಂದಳು. ಬಂದವಳೇ ಬಾಗಿಲಲ್ಲಿ ನಿಂತು ಮೇಷ್ಟ್ರನ್ನೂ ಅವರ ಕೈಯ ಟೀ ಲೋಟವನ್ನೂ ತುಂಬ ಹೊತ್ತು ನೋಡಿದಳು. ಆಮೇಲೆ ಕಿಟಕಿಗಳನ್ನು ಪೂರ್ತಿ ತೆಗೆದಳು. ಮಧ್ಯಾಹ್ನ ಎಲ್ಲಿಂದಲೋ ಫಿನಾಯಿಲ್ ಬಾಟಲಿ ತಂದು ನೆಲ ಒರೆಸಿ, ಚಾಪೆಗಳನ್ನು ಎಳೆದು ಎಳೆದು ನೋಡತೊಡಗಿದಳು.

"ಏನಮ್ಮ ಹುಡುಕ್ತೀಯ?"

"ಧೂಳು ಸಾರ್," ಎಂದಳು. ಆಮೇಲೆ ಅವರ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಮರದ ಕೆಳಗೆ ಇಟ್ಟು, ಇಲ್ಲಿ ಗಾಳಿ ಚೆನ್ನಾಗಿದೆ, ಇಲ್ಲೇ ಕೂತ್ಕೊಳ್ಳಿ ಎಂದಳು. ವಯಸ್ಸಾದವರ ಮೇಲೆ ಈ ಕಾಲದ ಮಕ್ಕಳಿಗೂ ಮರ್ಯಾದೆ ಇದೆಯಪ್ಪ ಎಂದು ಮೇಷ್ಟ್ರು ಹಿಗ್ಗಿದರು. ಆದರೂ ಅಭ್ಯಾಸಬಲ, ಮರುದಿನ ಮತ್ತೆ ಕೋಣೆಯಲ್ಲೇ ಕೂತರು.

ಅಲ್ಲಿಗೆ ಹಗ್ಗ ಕೇಳಲು ವಿಜ್ಞಾನದ ಟೀಚರ್ ಬಂದರು. ಬಾಗಿಲಲ್ಲೇ ಕರವಸ್ತ್ರ ಮೂಗಿಗೇರಿತು.

"ಸಾರ್, ಇದರಲ್ಲಿ ಹೇಗೆ ಕೂತಿದ್ದೀರಿ ನೀವು?"

ಸೆಕೆಯ ಮಾತೆಂದು ತಿಳಿದು ಮೇಷ್ಟ್ರು, "ಅಭ್ಯಾಸ ಆಗೋಗಿದೆ, ಬಿಡಿ," ಎಂದರು.

ಟೀಚರ್ ಬಿಡುವವರಲ್ಲ. ತೋಳು ಮಡಿಸಿ ತಾವೇ ಸಾಮಾನು ಎಳೆಯಲು ನಿಂತರು. ಅಷ್ಟರಲ್ಲಿ ಏಣಿ ಓಡಿ ಬಂದು, ನೀವು ಬಿಡಿ ಟೀಚರ್, ನಾನು ಮಾಡ್ತೀನಿ ಎಂದು ಏದುಸಿರಿನಲ್ಲಿ ಬೇಡಿಕೊಂಡರೂ ಕೇಳಲಿಲ್ಲ. ಚಾಪೆಯ ಸುರುಳಿಯ ಹಿಂದೆ ಇಲಿ ಸಿಕ್ಕಿತು. ಇಲಿಯನ್ನು ಆಚೆ ಹಾಕಿದ ಉತ್ಸಾಹದಲ್ಲಿ ಅವರು ಕಪಾಟಿನ ಮೇಲಿದ್ದ ಹರಕು ಚೆಂಡೊಂದನ್ನೂ ಕಸದ ಕಡೆಗೆ ಎಸೆದರು. ಚೆಂಡು ನೆಲಕ್ಕೆ ಬಿದ್ದು ಅದರ ಹರಿದ ಬಾಯಿಂದ ಮಡಿಸಿದ ಚಿಕ್ಕ ಪೊಟ್ಟಣವೂ ಒಂದು ಲೈಟರೂ ಹೊರಗೆ ಬಂದವು. ಟೀಚರ್ ಪೊಟ್ಟಣ ಬಿಡಿಸಿದರು. ಮೇಷ್ಟ್ರಿಗೆ ಕಂಡದ್ದು ಒಣಗಿದ ಹಸಿರು ಪುಡಿ. ಟೀಚರ್ ಒಂದು ಸಲ ಮೂಸಿದರು, ಅಷ್ಟೇ ಸಾಕಾಯಿತು.

"ಅದು ನಂದು," ಎಂದಳು ಹುಡುಗಿ. ಯಾರೂ ಇನ್ನೂ ಕೇಳಿರಲಿಲ್ಲ.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಒಳ್ಳೆಯವರೇ. ಕೋಪ ಬಂದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಅವತ್ತು ಅವರ ದನಿ ಕೇಳಿಸುವುದೇ ಕಷ್ಟವಾಗಿತ್ತು. ಮೇಜಿನ ಮೇಲೆ ಪೊಟ್ಟಣ, ಲೈಟರು, ಹರಕು ಚೆಂಡು. ಒಂದು ಪಕ್ಕದಲ್ಲಿ ವಿಜ್ಞಾನದ ಟೀಚರ್, ಇನ್ನೊಂದು ಪಕ್ಕದಲ್ಲಿ ಮೇಷ್ಟ್ರು, ಎದುರಿಗೆ ಹುಡುಗಿ. ಬೀಗದ ಕೈಯನ್ನು ಅವಳೇ ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದಳು.

ಕೇಳಿದ್ದಕ್ಕೆಲ್ಲ ಅವಳು ಸುಳ್ಳಿಲ್ಲದೆ ಹೇಳಿದಳು. ಈ ಊರಿಗೆ ಬಂದ ಹೊಸದರಲ್ಲಿ ಬಸ್‌ಸ್ಟಾಂಡಿನ ಹಿಂದೆ ಕೂರುವ ಒಂದು ಗುಂಪಿನ ಪರಿಚಯವಾಯಿತು. ಶಾಲೆ ಬಿಟ್ಟವರು, ಶಾಲೆಯೇ ಹೊರಗೆ ಹಾಕಿದವರು. ಅವರು ಮಾತಾಡಿಸಿದರು. ಬೇರೆ ಯಾರೂ ಮಾತಾಡಿಸುತ್ತಿರಲಿಲ್ಲ.

"ಅದನ್ನ ಸೇದಿದಾಗ, ಯಾರೂ ಮಾತಾಡಿಸ್ತಿಲ್ಲ ಅನ್ನೋದು ಗೊತ್ತಾಗ್ತಾ ಇರ್ಲಿಲ್ಲ ಮೇಡಂ."

ನೆಟ್ ಕಟ್ಟಲು ಬಂದ ಮೊದಲ ಸಂಜೆ ಚೀಲದಲ್ಲಿದ್ದುದನ್ನು ಆ ಚೆಂಡಿನಲ್ಲಿ ತುರುಕಿಟ್ಟಳಂತೆ. ಎಸೆಯಲು ಧೈರ್ಯ ಸಾಲಲಿಲ್ಲ, ಮನೆಗೆ ಒಯ್ಯಲು ಮನಸ್ಸಾಗಲಿಲ್ಲ. ಆಮೇಲೂ ಎರಡು ಸಲ ಬಸ್‌ಸ್ಟಾಂಡಿಗೆ ಹೋಗಿದ್ದು ನಿಜ. ಪಂದ್ಯದ ಅಭ್ಯಾಸ ಶುರುವಾದ ಮೇಲೆ ಹೋಗಿಲ್ಲ. ಚೆಂಡಿನೊಳಗಿನದನ್ನು ಮರೆತೇಬಿಟ್ಟಿದ್ದಳು.

"ಸೇದ್ಕೊಂಡು ಶಾಲೆಗೆ ಬಂದಿದ್ದೀಯಾ?" ದೊಡ್ಡ ಮೇಡಂ ಕೇಳಿದರು.

"ಒಂದು ದಿನ."

"ಗೇಟಿನಲ್ಲಿ ಮೇಷ್ಟ್ರು ಇರಲಿಲ್ವಾ?"

ಹುಡುಗಿ ಮೇಷ್ಟ್ರ ಕಡೆ ನೋಡಿದಳು. ಬೇಗ ಕಣ್ಣು ಇಳಿಸಿದಳು.

"ಇದ್ರು. ಅವರಿಗೆ ಗೊತ್ತಾಯ್ತು. ಗೊತ್ತಾದ್ರೂ ಬಿಟ್ರು. ಇನ್ನೊಂದು ಅವಕಾಶ ಕೊಟ್ರು."

ಮೇಷ್ಟ್ರಿಗೆ ಆ ಬೆಳಗು ಒಮ್ಮೆಲೇ ಕಣ್ಣೆದುರು ಬಂತು: ಊದಿದ ಕಣ್ಣು, ಅಗಲವಾಗಿ ತೆರೆದ ಬಾಯಿ, ಏನನ್ನೋ ಕಾಯುತ್ತ ನಿಂತ ನಿಲುವು. ಅಂದರೆ ಅವಳು ಅತ್ತು ಬಂದಿರಲಿಲ್ಲ. ಹಿಡಿಸಿಕೊಳ್ಳಲು ಬಂದಿದ್ದಳು.

ವಿಜ್ಞಾನದ ಟೀಚರ್ ಅಷ್ಟು ಹೊತ್ತು ತಡೆದುಕೊಂಡಿದ್ದರು. ಅವರ ದನಿಯಲ್ಲಿ ಕೋಪಕ್ಕಿಂತ ಭಯ ಹೆಚ್ಚಿತ್ತು. ತಂಡದ ನಾಯಕಿ ಅವರ ಮಗಳು. ಆ ಮಗಳ ಪಕ್ಕದಲ್ಲೇ ಈ ಹುಡುಗಿ ಕೂರುವುದು. "ಒಂದು ಸಲ ಬಿಟ್ಟಿದ್ದಕ್ಕೇ ಇದು ಶಾಲೆಯ ಒಳಗೆ ಬಂತು ಮೇಡಂ. ಅವಕಾಶ ಕೊಟ್ಟ ಮೇಲೂ ಬಚ್ಚಿಟ್ಕೊಂಡಿದ್ದಾಳೆ. ಎರಡನೇ ಸಲವೂ ಬಿಡೋದಾ? ಬೇರೆ ಮಕ್ಕಳ ತಾಯಿಯರಿಗೆ ಏನು ಉತ್ತರ ಹೇಳ್ತೀವಿ?"

ಆ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ದೊಡ್ಡ ಮೇಡಂ ಮೇಜಿನ ಸೆಳೆಖಾನೆ ಎಳೆದರು. ವರ್ಗಾವಣೆ ಪತ್ರಗಳು ಅಲ್ಲಿರುತ್ತವೆಂದು ಮೇಷ್ಟ್ರಿಗೆ ಗೊತ್ತಿತ್ತು. ಎಷ್ಟು ಸಲ ಆ ಸೆಳೆಖಾನೆ ತೆರೆಯುವುದನ್ನು ಹೆಮ್ಮೆಯಿಂದ ನೋಡಿದ್ದರು.

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಕರುಣೆಯುಳ್ಳ ಮನುಷ್ಯ ಎಂಬ ಹೆಸರು ಪುಕ್ಕಟೆ ಬರುತ್ತಿತ್ತು, ಮೂಗಿನ ಹೆಸರೂ ಉಳಿಯುತ್ತಿತ್ತು. ಆದರೆ ಅವಕಾಶ ಕೊಟ್ಟರೂ ಉಳಿಸಿಕೊಳ್ಳದವಳು ಎಂದು ಹುಡುಗಿ ಗೇಟಿನಾಚೆ ಹೋಗುತ್ತಿದ್ದಳು. ಗೇಟಿನಾಚೆ ಬಸ್‌ಸ್ಟಾಂಡು ದೂರವಿಲ್ಲ.

"ಅವಳಿಗೆ ಯಾರೂ ಅವಕಾಶ ಕೊಟ್ಟಿಲ್ಲ ಮೇಡಂ," ಎಂದರು ಮೇಷ್ಟ್ರು. "ನನಗೆ ಮೂಗಿಲ್ಲ."

ಎಲ್ಲರೂ ಅವರ ಮೂಗಿನ ಕಡೆ ನೋಡಿದರು. ಅದು ಇದ್ದಲ್ಲೇ ಇತ್ತು, ಸ್ವಲ್ಪ ದೊಡ್ಡದಾಗಿಯೇ ಇತ್ತು.

"ಮೂಗಿದೆ, ವಾಸನೆ ಇಲ್ಲ. ಜ್ವರ ಬಂದಾಗ ಹೋಯ್ತು, ವಾಪಸ್ ಬರ್ಲಿಲ್ಲ. ಗೇಟಿನಲ್ಲಿ ಇಷ್ಟು ದಿನ ಮಾಡಿದ್ದು ನಾಟಕ."

ವಿಜ್ಞಾನದ ಟೀಚರ್ ಮೆಲ್ಲನೆ, "ಅಯ್ಯೋ, ಆ ಇಲಿ," ಎಂದರು. ಎಂದವರೇ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಗಬಾರದ ಹೊತ್ತು ಅದು. ದೊಡ್ಡ ಮೇಡಂ ಕಿಟಕಿಯ ಕಡೆ ತಿರುಗಿ ಕೆಮ್ಮಿದರು, ಕೆಮ್ಮು ನಿಜದ್ದಾಗಿರಲಿಲ್ಲ.

ಮೇಷ್ಟ್ರು ಒಮ್ಮೆ ಶುರುಮಾಡಿದ್ದನ್ನು ನಿಲ್ಲಿಸಲಿಲ್ಲ. ಅವತ್ತು ತಾವು ಕೇಳಿದ್ದು ತಿಂಡಿ ತಿಂದ್ಯಾ ಎಂದು, ಹೇಳಿದ್ದು ನೆಟ್ ಕಟ್ಟು ಎಂದು, ಅದಕ್ಕಿಂತ ಹೆಚ್ಚಿಗೆ ಏನೂ ಮಾಡಿಲ್ಲ ಎಂದರು. ಬಿಟ್ಟದ್ದು ಅವಳೇ, ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು, ಯಾರೂ ಬೆನ್ನು ತಟ್ಟದೆ ಬಿಟ್ಟಳು.

"ನನ್ನ ಮೂಗು ಸರಿಯಿದ್ದಿದ್ರೆ ಅವತ್ತೇ ಅವಳನ್ನ ಇದೇ ಕೋಣೆಗೆ ಕರ್ಕೊಂಡು ಬರ್ತಿದ್ದೆ. ನೀವು ಇದೇ ಸೆಳೆಖಾನೆ ತೆಗೀತಿದ್ರಿ. ಸಂಜೆ ಎಲ್ಲಿರ್ತಿದ್ಲು ಅಂತ ನಾವ್ಯಾರೂ ಕೇಳ್ತಿರ್ಲಿಲ್ಲ." ಸ್ವಲ್ಪ ತಡೆದು, ಮನೆಯಲ್ಲಿ ಉತ್ತರಿಸಲಾಗದೆ ಉಳಿದ ಪ್ರಶ್ನೆಯನ್ನೇ ಕೇಳಿದರು: "ಇಷ್ಟು ವರ್ಷ ಕಳಿಸಿದ್ವಲ್ಲ ಮೇಡಂ, ಆ ಮಕ್ಕಳು ಎಲ್ಲಿಗೆ ಹೋದ್ರು?"

ದೊಡ್ಡ ಮೇಡಂ ಕೈ ತೆರೆದ ಸೆಳೆಖಾನೆಯ ಮೇಲೆ ಹಾಗೇ ಇತ್ತು.

ಮಾತಾಡಿದ್ದು ವಿಜ್ಞಾನದ ಟೀಚರ್. ಅವರು ಹುಡುಗಿಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. "ನನ್ನ ಮಗಳು ಕೆಲವು ದಿನದಿಂದ ಡಬ್ಬಿಗೆ ಹೆಚ್ಚಿಗೆ ಹಾಕು ಅಂತಾಳೆ. ಆಟ ಆಡಿ ಹಸಿವು ಜಾಸ್ತಿಯಾಗಿದೆ ಅಂದ್ಕೊಂಡಿದ್ದೆ. ಅದು ನಿನಗಾ?"

ಹುಡುಗಿ ತಲೆ ತಗ್ಗಿಸಿ ಹೌದೆಂದಳು. ಅಷ್ಟು ಹೊತ್ತೂ ಅಳದವಳು ಆಗ ಅತ್ತಳು.

"ನನಗೆ ಹೇಳೇ ಇಲ್ಲ ಕಳ್ಳಿ," ಎಂದರು ಟೀಚರ್. ಭಯ ಪೂರ್ತಿ ಹೋಗಿರಲಿಲ್ಲ, ಆದರೆ ದನಿ ಬೇರೆಯಾಗಿತ್ತು. ತಮ್ಮ ಕರವಸ್ತ್ರವನ್ನು ಮಡಿಕೆ ಬಿಡಿಸಿ ಅವಳ ಕೈಗೆ ಕೊಟ್ಟರು.

ದೊಡ್ಡ ಮೇಡಂ ಸೆಳೆಖಾನೆಯನ್ನು ಒಳಗೆ ತಳ್ಳಿದರು. ತಾಯಿಗೆ ಇವತ್ತೇ ತಿಳಿಯಬೇಕು, ಹುಡುಗಿಯೇ ಹೇಳಬೇಕು, ಮೇಷ್ಟ್ರು ಜೊತೆಗಿರಬೇಕು ಎಂದು ಮೇಡಂ ಹೇಳಿದರು. ಆಸ್ಪತ್ರೆಯಲ್ಲಿ ಇಂಥ ಮಕ್ಕಳೊಂದಿಗೆ ಮಾತಾಡುವ ಡಾಕ್ಟರಿದ್ದಾರೆ, ವಾರಕ್ಕೊಮ್ಮೆ ಅಲ್ಲಿಗೆ ಹೋಗಬೇಕು, ತಪ್ಪಿಸುವಂತಿಲ್ಲ. ಮತ್ತೆ ಆಸೆ ಕೆರಳಿದರೆ ಬಚ್ಚಿಡದೆ ಬಂದು ಹೇಳಬೇಕು. ನಿಯಮದ ವಿಚಾರ ಮುಂದಿನ ಸಭೆಯಲ್ಲಿ ತಾವೇ ಎತ್ತುವುದಾಗಿಯೂ, ಬೈಗುಳ ಬಂದರೆ ತಾವೇ ತಿನ್ನುವುದಾಗಿಯೂ ಹೇಳಿದರು.

ಪೊಟ್ಟಣವನ್ನು ಏನು ಮಾಡುವುದೆಂಬ ಮಾತು ಬಂತು. ಪ್ರಯೋಗಾಲಯದಲ್ಲಿ ಸುಟ್ಟುಬಿಡುತ್ತೇನೆ ಎಂದರು ವಿಜ್ಞಾನದ ಟೀಚರ್.

"ಸುಡಬೇಡ್ರಿ," ಎಂದರು ದೊಡ್ಡ ಮೇಡಂ. "ಇಡೀ ಶಾಲೆಗೆ ಅಮಲೇರುತ್ತೆ, ಮೇಷ್ಟ್ರೊಬ್ಬರನ್ನ ಬಿಟ್ಟು. ನೀರಲ್ಲಿ ಕಲಸಿ ಮೋರಿಗೆ ಹಾಕಿ."

ಹೊರಗೆ ನಲ್ಲಿಯ ಬಳಿ ಹುಡುಗಿ ಮುಖ ತೊಳೆದುಕೊಳ್ಳುತ್ತಿದ್ದಳು. ಮೇಷ್ಟ್ರು ಹತ್ತಿರ ಹೋಗಿ ನಿಂತರು. ನೀನು ಅಂದುಕೊಂಡಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ, ನನಗೆ ಗೊತ್ತೇ ಆಗಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದರು.

"ಗೊತ್ತು ಸಾರ್," ಎಂದಳು ಅವಳು. "ಇಲಿ ಪಕ್ಕದಲ್ಲಿ ಕೂತು ಟೀ ಕುಡೀತಿದ್ರಲ್ಲ, ಅವತ್ತೇ ಗೊತ್ತಾಯ್ತು."

ಫಿನಾಯಿಲ್ ಬಾಟಲಿ, ತೆರೆದ ಕಿಟಕಿಗಳು, ಮರದ ಕೆಳಗಿನ ಕುರ್ಚಿ, ಎಲ್ಲವೂ ಒಂದರ ಹಿಂದೊಂದು ಮೇಷ್ಟ್ರ ಮನಸ್ಸಿಗೆ ಬಂದವು. ಬೇರೆಯವರಿಗೆ ತಿಳಿಯುವ ಮೊದಲು ಆ ಇಲಿಯನ್ನು ಹುಡುಕಿ ಎಸೆಯಲು ಒದ್ದಾಡಿತ್ತು ಈ ಮಗು.

"ಮತ್ತೆ ಒಳಗೆ ಯಾಕೆ ಹಾಗಂದೆ?"

"ಅವಕಾಶ ಕೊಟ್ರು ಅಂದ್ರೆ ನಿಮಗೆ ಬೈತಾರೆ, ಅಷ್ಟೇ. ಮೂಗಿಲ್ಲ ಅಂತ ಗೊತ್ತಾದ್ರೆ ಗೇಟಿಂದ ತೆಗೀತಾರೆ. ಗೇಟಿಲ್ದೆ ನೀವೇನ್ ಮಾಡ್ತೀರಿ ಸಾರ್?" ತೋಳಿನಿಂದ ಮುಖ ಒರೆಸಿಕೊಂಡಳು. "ಮೊದಲ ದಿನ, ಗೊತ್ತಾಗಿಯೂ ಬಿಟ್ರು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾದಾಗ ನಗು ಬಂತು. ಆದ್ರೆ ತಿಂಡಿ ತಿಂದ್ಯಾ ಅಂತ ಕೇಳಿದ್ದು ಮೂಗಲ್ಲ ಅಲ್ವಾ."

ಮೇಷ್ಟ್ರು ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ಎರಡು ಸಲ ತಿರುಗಿಸಿ ನೋಡಿದರು. ನಲ್ಲಿ ಸರಿಯಾಗಿಯೇ ನಿಂತಿತ್ತು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋದರು. ಒಗೆಯುವ ವಿಭಾಗದಲ್ಲಿ ದೊಡ್ಡ ದೊಡ್ಡ ಯಂತ್ರಗಳು ಗುಡುಗುತ್ತಿದ್ದವು. ತಾಯಿ ಬಿಸಿ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮಗಳು ಮಾತು ಮುಗಿಸುವಷ್ಟರಲ್ಲಿ ಆಕೆ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. ಹೊಡೆಯುತ್ತಾಳೇನೋ ಎಂದು ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ಆಕೆ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು, ಅಷ್ಟೇ. ಹಿಡಿದದ್ದನ್ನು ಬಿಡಲಿಲ್ಲ.

"ನಿದ್ದೇಲಿದ್ರೆ ಏನಾಯ್ತೇ? ನನ್ನ ಎಬ್ಬಿಸಬಾರ್ದಿತ್ತಾ?"

ಜೊತೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಏನೂ ಕೇಳದೆ ಬಂದು, ಆಕೆಯ ಪಾಲಿನ ಬಟ್ಟೆಗಳನ್ನೂ ತನ್ನ ಕಡೆಗೆ ಎಳೆದುಕೊಂಡು ಮಡಿಸತೊಡಗಿದಳು. ಮೇಷ್ಟ್ರು ಅದನ್ನು ನೋಡಿದರು, ಮೆಲ್ಲನೆ ಹೊರಗೆ ಬಂದರು.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಹೆಂಡತಿ, ಹಾಗಾದರೆ ಗೇಟು ಹೋಯಿತೇ ಎಂದು ಕೇಳಿದರು. ಇಲ್ಲವಂತೆ. ಮುಚ್ಚಿಟ್ಟದ್ದಕ್ಕೆ ದೊಡ್ಡ ಮೇಡಂ ಚೆನ್ನಾಗಿಯೇ ಬೈದು, ನಾಳೆಯೂ ಅಲ್ಲೇ ನಿಂತ್ಕೊಳ್ಳಿ, ನಾಟಕ ಮಾತ್ರ ಬೇಡ ಎಂದಿದ್ದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ತಪಾಸಣೆಗೂ ಕಾಯದೆ ಎಂದಿಗಿಂತ ಬೇಗ ಹೊರಟರು. ಗೇಟಿನಲ್ಲಿ ಮೊದಲ ಹುಡುಗ ಬಂದು ರೂಢಿಯಂತೆ ಬಾಯಿ ತೆರೆದ.

"ಬಾಯಿ ಮುಚ್ಚಪ್ಪ, ಸೊಳ್ಳೆ ಹೋಗುತ್ತೆ. ಕಣ್ಣು ಯಾಕೆ ಹೀಗಿದೆ, ನಿದ್ದೆ ಇಲ್ವಾ?"

ಹುಡುಗ ಗಲಿಬಿಲಿಗೊಂಡು, ತಮ್ಮನಿಗೆ ಹುಷಾರಿಲ್ಲ, ತಾನೇ ಎತ್ತಿಕೊಂಡಿದ್ದೆ ಎಂದ. ಹಿಂದಿದ್ದವಳು ಇದನ್ನು ಕೇಳಿ ತಾನೂ ಏನೋ ಹೇಳಲು ಶುರುಮಾಡಿದಳು. ಸಾಲು ಎಂದಿಗಿಂತ ನಿಧಾನವಾಗಿ ಸಾಗಿತು. ಗಂಟೆ ಹೊಡೆದರೂ ಸಾಲು ಉಳಿದಿತ್ತು. ದೊಡ್ಡ ಮೇಡಂ ಮೇಲಿನ ಕಿಟಕಿಯಿಂದ ನೋಡಿದರು, ಕರೆಯಲಿಲ್ಲ.

ಕೊನೆಗೆ ಏಣಿ ಬಂದಳು, ವಿಜ್ಞಾನದ ಟೀಚರ್ ಮಗಳ ಜೊತೆ. ಗುಂಡಿ ಸರಿಯಾಗಿತ್ತು, ಲೇಸು ಕಟ್ಟಿತ್ತು, ಕಣ್ಣು ಅತ್ತು ಊದಿತ್ತು. ಈ ಸಲ ನಿಜವಾಗಿ ಅತ್ತದ್ದು. ಅಮ್ಮ ಪಾಳಿ ಬದಲಿಸಲು ಕೇಳಿದ್ದಾಳೆ, ಸಿಗುತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಇವತ್ತು ತಿಂಡಿ ಅಮ್ಮನೇ ಕೊಟ್ಟಳು ಎಂದಳು. ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು, ದಾರ ಬಿಡಿಸಿ, ಅವಳ ಕೈಗೆ ಕೊಟ್ಟರು.

ಅವಳು ಅದನ್ನು ಕುತ್ತಿಗೆಗೆ ಹಾಕಿಕೊಂಡಳು. ಆಮೇಲೆ ಗೇಟಿನ ಕಟ್ಟೆಯ ಮೇಲಿದ್ದ ಫ್ಲಾಸ್ಕನ್ನು ಎತ್ತಿ, ಮುಚ್ಚಳ ತೆಗೆದು, ದೊಡ್ಡ ಪರೀಕ್ಷಕಳ ಹಾಗೆ ಹೊಳ್ಳೆ ಅರಳಿಸಿ ಮೂಸಿದಳು.

"ಟೀ ಚೆನ್ನಾಗಿದೆ ಸಾರ್. ಕುಡೀಬಹುದು." ಮುಚ್ಚಳ ಹಾಕಿ ಕೆಳಗಿಡಲು ಬಗ್ಗಿದವಳು ಹಾಗೇ ತಡೆದಳು. ಅವರ ಬೂಟಿನ ಕಡೆ ನೋಡಿ, ದನಿ ತಗ್ಗಿಸಿ, ಯಾರಿಗೂ ಕೇಳಿಸದಂತೆ ಹೇಳಿದಳು: "ಕಾಲುಚೀಲ ಮಾತ್ರ ನಾಳೆ ಬದಲಾಯಿಸ್ಕೊಂಡು ಬನ್ನಿ."